ಅಜ್ಜನ ಡಿಸ್ಕಿಗೆ ಜ್ವರ

ನಮ್ಮ ದ್ವೀಪದ ಹಳೆಯ ಮನೆಗಳಿಗೆ ಗೋಡೆಯಿಲ್ಲ, ಕಂಬ ಮಾತ್ರ. ಹಾಗಾಗಿ ಪಕ್ಕದ ತಿರೇಸಾಳ ಮನೆಯ ಜಗಳವನ್ನು ನಾನು ಕದ್ದು ಕೇಳಿದೆ ಅಂತ ಯಾರೂ ಅನ್ನುವಂತಿಲ್ಲ. ಕಿವಿ ಮುಚ್ಚಿಕೊಳ್ಳಬಹುದಿತ್ತು ನಿಜ, ಆದರೆ ಎರಡೂ ಕೈಯಲ್ಲಿ ಕೆಸುವಿನ ಗಡ್ಡೆ ಹೆರೆಯುವ ಕೆಲಸವಿತ್ತು.

ಜಗಳ ಶುರುವಾದದ್ದು ಒಂದು ಮಂಗಳವಾರ, ಸಂಜೆ ಪ್ರಾರ್ಥನೆಯ ಹೊತ್ತಿನಲ್ಲಿ. ಪ್ರಾರ್ಥನೆಗೆ ಕರೆಯುವ ಶಂಖ ಊದಿ ಆಗಿತ್ತು. ಊರೆಲ್ಲ ಅವರವರ ಮನೆಯಲ್ಲಿ ಚಾಪೆ ಹಾಸಿ ಕೂತಿತ್ತು. ತಿರೇಸಾಳ ಮನೆಯಲ್ಲಿ ಪ್ರಾರ್ಥನೆ ಅಂದರೆ ಮೊದಲು ಕಂಪ್ಯೂಟರಿನ ಹೊದಿಕೆ ತೆಗೆಯಬೇಕು. ಮೇಲೊಂದು ಚಿಪ್ಪಿನ ಹಾರ, ಅದರಡಿ ಕಸೂತಿ ಬಟ್ಟೆ, ಅದರಡಿ ಹೂವಿನ ಅಚ್ಚಿನ ಬಟ್ಟೆ, ಎಲ್ಲಕ್ಕಿಂತ ಒಳಗೆ ಪೆಟ್ಟಿಗೆಯ ಮೈಗೆ ಸುತ್ತಿದ ನವುರಾದ ಹಳೆಯ ಚಾಪೆ. ಅದು ತಿರೇಸಾ ಮದುವೆಯಲ್ಲಿ ತವರಿನಿಂದ ತಂದದ್ದು. ಒಂದೊಂದನ್ನೇ ಮಡಚಿಟ್ಟು ಅವಳು ಪರದೆಯ ಎದುರು ಕೂರುತ್ತಿದ್ದಳು. ಮೊಮ್ಮಗಳು ಎಪೆನೇಸಾ ಗುಂಡಿ ಒತ್ತುತ್ತಿದ್ದಳು. ಪರದೆಯ ನಾಲ್ಕು ಚೌಕದಲ್ಲಿ ನಾಲ್ಕು ಇಯೋನಾಗಳು ಬಂದು ಹಾಡುತ್ತಿದ್ದರು.

ಇಯೋನಾ ತಿರೇಸಾಳ ಗಂಡ. ಮೂವತ್ತೈದು ವರ್ಷ ನಮ್ಮ ಚರ್ಚಿನ ಹಾಡಿನ ತಂಡವನ್ನು ನಡೆಸಿದವನು. ಅವನ ಬೆತ್ತದ ರುಚಿ ನನ್ನ ಬೆರಳ ಗಿಣ್ಣುಗಳಿಗೂ ಗೊತ್ತು. ಉಸಿರು ಕಟ್ಟುವ ಕಾಯಿಲೆ ಬಂದ ವರ್ಷ ಅವನು ಸ್ಕೂಲಿನ ಕ್ಯಾಮರಾದ ಮುಂದೆ ಕೂತು, ತಾನು ಕಟ್ಟಿದ ಇಪ್ಪತ್ತಮೂರು ಹಾಡುಗಳ ನಾಲ್ಕೂ ಸ್ವರಗಳನ್ನು ಒಬ್ಬನೇ ಹಾಡಿಟ್ಟ. ಹೆಂಗಸರ ಮೇಲಿನ ಸ್ವರ ಒಂದು ಸಲ, ಕೆಳಗಿನದು ಒಂದು ಸಲ, ಆಮೇಲೆ ಗಂಡಸರ ಮೇಲಿನದು, ಕೊನೆಗೆ ತಳದ್ದು. "ನಾನು ಹೋದ ಮೇಲೆ ನೀವೆಲ್ಲ ಸೇರಿ ಕೆಡಿಸಿಬಿಡ್ತೀರಿ," ಅಂದಿದ್ದ. ಪ್ರತಿ ಸ್ವರದ ಮೊದಲು ಅವನು ಏನೋ ಮಾತಾಡಿಕೊಳ್ಳುತ್ತಿದ್ದ. ನಾಲ್ಕೂ ಒಟ್ಟಿಗೆ ಶುರುವಾಗಲೆಂದು ಎಪೆನೇಸಾ ಆ ಮಾತನ್ನು ದಾಟಿಸಿ ಹಾಡಿಸುತ್ತಿದ್ದಳು. ಅವಳು ಜಿಲ್ಲೆಯ ಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವವಳು. ಇಯೋನಾ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಅಂಗಳದಲ್ಲಿ ಅವನ ಗೋರಿ, ಒಳಗೆ ಅವನ ಹಾಡು. ತಿರೇಸಾಗೆ ಗೋರಿಗಿಂತ ಒಳಗಿನವನೇ ಹತ್ತಿರ.

ಆ ಮಂಗಳವಾರ ಎರಡನೆಯ ಸಾಲಿನಲ್ಲಿ ನಾಲ್ಕೂ ಇಯೋನಾಗಳು ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಅಂತ ಸದ್ದು ಬಂತು.

"ಹಲ್ಲಿ ಇರ್ಬೇಕು," ಅಂದ ಮಗ ಲಾಫಾಯೇಲೆ.

"ಹಲ್ಲಿಯಲ್ಲ ಅಪ್ಪ, ಡಿಸ್ಕು," ಅಂದಳು ಎಪೆನೇಸಾ. "ನಾಳೆ ನೋಡ್ತೀನಿ."

ಮರುದಿನ ಸ್ಕೂಲಿನಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಕೂತಳು. ಡಿಸ್ಕಿನ ಆರೋಗ್ಯ ನೋಡುವ ಒಂದು ಪ್ರೋಗ್ರಾಂ ತಂದಿದ್ದಳು. ಅವಳ ತಾಯಿ ಮಾತಾಲೇನಾ ಒಲೆಯ ಮುಂದಿನಿಂದ ಎದ್ದು ಬಂದಳು. ತಿರೇಸಾ ಮಾತ್ರ ಡಾಕ್ಟರ ಕೋಣೆಯ ಹೊರಗೆ ಕೂತವಳ ಹಾಗೆ ಕಂಬಕ್ಕೆ ಒರಗಿ ಕೂತಿದ್ದಳು.

"ಒಳಗೊಂದು ತಟ್ಟೆ ತಿರುಗ್ತಾ ಇರತ್ತೆ ಅಜ್ಜಿ. ಅಜ್ಜನ ಹಾಡೆಲ್ಲ ಅದರ ಮೇಲಿದೆ. ತಟ್ಟೆಯಲ್ಲಿ ಕೆಟ್ಟ ಜಾಗ ಎಷ್ಟು, ಬಿಸಿ ಎಷ್ಟು, ಎಷ್ಟು ಸಲ ಹಚ್ಚಿದಾರೆ, ಎಷ್ಟು ಗಂಟೆ ಓಡಿದೆ, ಎಲ್ಲ ಅದೇ ನೆನಪಿಟ್ಟಿರತ್ತೆ."

"ಏನಂತೆ ಈಗ?"

"ಹಳದಿ ತೋರಿಸ್ತಿದೆ. ನೀಲಿ ಇದ್ರೆ ಚೆನ್ನಾಗಿದೆ ಅಂತ. ಹಳದಿ ಅಂದ್ರೆ ಹುಷಾರು ಅಂತ. ಕೆಟ್ಟ ಜಾಗ ನಲವತ್ತೆಂಟು. ಬಿಸಿ ಅರವತ್ತೊಂದು ಡಿಗ್ರಿ." ಎಪೆನೇಸಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ತೆಗೆದಳು. "ಹತ್ತು ಸಾವಿರ ಗಂಟೆ ಓಡಿದೆ. ಅಜ್ಜಿ, ನೀನು ಇದನ್ನ ಆರಿಸೋದೇ ಇಲ್ವಾ?"

"ಅವರನ್ನ ಯಾಕೆ ಆರಿಸ್ಲಿ?"

"ಪರದೆ ಅಲ್ಲ, ಪೆಟ್ಟಿಗೆ. ನಾನು ಪರದೆ ಆರಿಸಿ ಹೋಗ್ತಿದ್ದೆ, ಪೆಟ್ಟಿಗೆ ನೀನು ಆರಿಸ್ತೀಯ ಅಂದ್ಕೊಂಡಿದ್ದೆ."

ಸತ್ತವರನ್ನು ನಾವು ಒಂಟಿಯಾಗಿ ಬಿಡುವುದಿಲ್ಲ, ಪಕ್ಕದಲ್ಲಿ ದೀಪ ಆರಲು ಬಿಡುವುದಿಲ್ಲ. ಮೇಲೆ ಒಳ್ಳೆಯ ಚಾಪೆ ಹೊದಿಸುತ್ತೇವೆ. ತಿರೇಸಾ ಹದಿನಾಲ್ಕು ತಿಂಗಳು ಅದನ್ನೇ ಮಾಡಿದ್ದಳು. ಹಾಡು ಮುಗಿದ ಕೂಡಲೆ ಚಾಪೆ ಸುತ್ತಿ, ಬಟ್ಟೆ ಹೊದಿಸಿ, ಹಾರ ಹಾಕಿ, ಗಾಳಿಯಾಡುವ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಓಡುತ್ತಿದ್ದ ಪೆಟ್ಟಿಗೆಗೆ ಒಳ್ಳೆಯ ನಿದ್ದೆ ಹಾರೈಸಿ ಮಲಗುತ್ತಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾತಾಲೇನಾ ಒಳ್ಳೆಯ ಹೆಂಗಸು, ಆದರೆ ಅವಳ ನಾಲಿಗೆ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. "ಅತ್ತೆ, ಈ ಸೆಕೆಯಲ್ಲಿ ನಿಮಗೇ ಮೂರು ಹೊದಿಕೆ ಹೊದಿಸಿ ಕೂರಿಸಿದ್ರೆ ಜ್ವರ ಬರಲ್ವಾ? ನಾನು ಆವಾಗ್ಲೇ ಅಂದಿದ್ದೆ."

"ನನ್ನ ಗಂಡನ್ನ ಬರಿಮೈಲಿ ಕೂರಿಸ್ಬೇಕಿತ್ತಾ?"

"ಮಾವ ಗೋರಿಯಲ್ಲಿದಾರೆ ಅತ್ತೆ. ಇದು ಯಂತ್ರ."

"ಹಾಗಾದ್ರೆ ನಾನೇ ಕೊಂದೆ ಅನ್ನು."

"ನಾನು ಹಾಗಂದ್ನಾ? ಏನ್ರೀ, ನೀವಾದ್ರೂ ಹೇಳಿ, ನಾನು ಹಾಗಂದ್ನಾ?"

ಲಾಫಾಯೇಲೆ ಬೇಯಿಸಿದ ಬಾಳೆಕಾಯಿಯ ಸಿಪ್ಪೆ ಸುಲಿಯುತ್ತಿದ್ದ. ಐವತ್ತರ ಗಂಡಸು, ಬಸ್ಸು ಓಡಿಸುವವನು. ಕತ್ತಿನಿಂದ ಮೇಲೆ ಮಾತೇ ಏರದ ಮನುಷ್ಯ. "ಊಟ ಮಾಡೋಣ," ಅಂದ. ತಿರೇಸಾ ಅವತ್ತು ಊಟ ಮಾಡಲಿಲ್ಲ.

ಎಪೆನೇಸಾ ತೀರ್ಪು ಕೊಟ್ಟಳು. ಡಿಸ್ಕು ಪೂರ್ತಿ ಸಾಯುವ ಮೊದಲು ಎಲ್ಲವನ್ನೂ ಬೇರೆ ದೊಡ್ಡ ಡಿಸ್ಕಿಗೆ ಒಂದೇ ಏಟಿಗೆ ನಕಲು ಮಾಡಬೇಕು. ಅವಳ ಬಳಿ ಇದ್ದ ಪೆನ್‌ಡ್ರೈವಿನಲ್ಲಿ ಮೂರು ಹಾಡೂ ಹಿಡಿಯುವುದಿಲ್ಲ. ಕಡಲಾಚೆ ಆಪಿಯಾ ಪೇಟೆಗೆ ಫೋನ್ ಮಾಡಿದರೆ ಮುಂದಿನ ಹಡಗು ಬರುವವರೆಗೂ ಇಲ್ಲ ಅಂದರು. ಲಾಫಾಯೇಲೆಯ ತಂಗಿ ಪೇನಿನಾ ಇನ್ನು ಮೂರು ವಾರದಲ್ಲಿ ಆಕ್ಲೆಂಡಿನಿಂದ ರಜೆಗೆ ಬರುವವಳಿದ್ದಳು. ಅವಳೇ ತರಲಿ ಅಂತಾಯಿತು.

"ಅಲ್ಲಿವರೆಗೂ ಯಾರೂ ಮುಟ್ಟಬಾರದು," ಅಂದಳು ಎಪೆನೇಸಾ. "ಒಂದೊಂದು ಸಲ ಹಚ್ಚಿದಾಗಲೂ ಒಳಗೆ ಒಂದಿಷ್ಟು ಕೆಡತ್ತೆ. ಇಲ್ಲಿವರೆಗೂ ಇಪ್ಪತ್ತೆರಡು ಸಲ ಹಚ್ಚಿದಾರೆ ಅಂತಿದೆ, ಕರೆಂಟ್ ಹೋಗಿ ಬಂದಿದ್ದೆಲ್ಲ ಸೇರಿ. ಬರ್ಕೊಂಡಿದೀನಿ." ಪೆಟ್ಟಿಗೆಯನ್ನು ಆರಿಸಿ, ವೈರನ್ನು ಕಿತ್ತು ಸುತ್ತಿ, ಕಂಬದ ಮೊಳೆಗೆ ನೇತುಹಾಕಿದಳು. ಆ ಪೆಟ್ಟಿಗೆ ಅಷ್ಟು ಹೊತ್ತು ಗುಂಯ್ ಅನ್ನುತ್ತಿತ್ತು ಅಂತ ನಮಗೆಲ್ಲ ಗೊತ್ತಾದದ್ದು ಅದು ನಿಂತ ಮೇಲೆ.

ಮೊದಲ ವಾರ ಆ ಮನೆಯ ಪ್ರಾರ್ಥನೆ ಕೇಳಲಾಗುತ್ತಿರಲಿಲ್ಲ. ಮಾತಾಲೇನಾ ಹಾಡು ಎತ್ತಿಕೊಳ್ಳುತ್ತಿದ್ದಳು. ಅವಳು ಎತ್ತಿಕೊಂಡ ಹಾಡು ಕೆಳಗಿಳಿಯುವಾಗ ಬೇರೆ ಹಾಡಾಗಿರುತ್ತಿತ್ತು. ಎಪೆನೇಸಾ ಅವಳ ಹಿಂದೆ ಓಡುತ್ತಿದ್ದಳು. ತಿರೇಸಾ ತುಟಿ ಬಿಚ್ಚುತ್ತಿರಲಿಲ್ಲ. ಲಾಫಾಯೇಲೆಯಂತೂ ಮೂವತ್ತು ವರ್ಷದಿಂದ ಹಾಡಿದವನಲ್ಲ.

ಅದು ಊರಿಗೇ ಗೊತ್ತಿದ್ದ ಕಥೆ. ಇಪ್ಪತ್ತರ ಹುಡುಗನಾಗಿದ್ದಾಗ ಅವನು ಅಪ್ಪನ ತಂಡದಲ್ಲಿ ಗಂಡಸರ ಮೇಲಿನ ಸ್ವರ ಹಾಡುತ್ತಿದ್ದ. ಒಂದು ದಿನ ಅಭ್ಯಾಸದಲ್ಲಿ ಸಂಜೆಯ ಹಾಡಿನ ಮೂರನೆಯ ಸಾಲಿನಲ್ಲಿ ಅವನ ಗಂಟಲು ಒಡೆಯಿತು. ಇಯೋನಾ ಎಲ್ಲರೆದುರು, "ಹಂದಿಗೆ ಕಾಯಿ ಒಡೆದು ಹಾಕೋಕೆ ಹೋಗು, ಅಲ್ಲಿ ಈ ಸ್ವರ ಸಾಕು," ಅಂದ. ನಾವು ನಕ್ಕೆವು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಹುಡುಗ ಎದ್ದು ಹೋದವನು ಮತ್ತೆ ಬರಲಿಲ್ಲ. ಆಮೇಲೆ ಅಪ್ಪ ಮಗ ಒಂದೇ ಸೂರಿನಡಿ ಇದ್ದರು. ಬಸ್ಸು, ಹಂದಿ, ತೋಟ ಎಲ್ಲ ಮಾತಾಡಿಕೊಂಡರು. ಹಾಡಿನ ಮಾತು ಮಾತ್ರ ಇಬ್ಬರಿಗೂ ಬಿಸಿತುಪ್ಪವಾಗಿತ್ತು.

ಎರಡನೆಯ ವಾರ ಮಾತಾಲೇನಾ ಆ ಹಳೆಯ ಚಾಪೆಯನ್ನು ಒಯ್ದು ತೊಳೆದಳು. ಎರಡು ದಿನ ನೆರಳಿನಲ್ಲಿ ಒಣಗಿಸಿ, ಅತ್ತೆಯ ದಿಂಬಿನ ಪಕ್ಕ ಮಡಚಿಟ್ಟಳು.

"ಇದ್ಯಾಕಿಲ್ಲಿ?" ಅಂದಳು ತಿರೇಸಾ.

"ಗಾಳಿ ತಣ್ಣಗಿದೆ. ನೀವು ಹೊದ್ಕೊಳ್ಳಿ."

"ನಾನೇನು ಸತ್ತಿದೀನಾ?"

"ಸತ್ತೋರಿಗೇ ಒಳ್ಳೇದೆಲ್ಲ ಯಾಕೆ ಹೊದಿಸ್ಬೇಕು ಅತ್ತೆ. ಬದುಕಿರೋರೂ ಹೊದ್ಕೊಳ್ಳಲಿ."

ತಿರೇಸಾ ಚಾಪೆಯ ಅಂಚನ್ನು ಬೆರಳಲ್ಲಿ ಸವರಿದಳು. "ಚೆನ್ನಾಗಿ ಒಗೆದಿದೀಯ," ಅಂದಳು. ಮಾರನೆಯ ಬೆಳಿಗ್ಗೆ ಸೊಸೆ ಕೊಟ್ಟ ಕೋಕೋ ಗಂಜಿಯನ್ನು ಎರಡು ಬಟ್ಟಲು ಕುಡಿದಳು. ಮಾತಾಲೇನಾ ಬಟ್ಟಲು ತೊಳೆಯುತ್ತ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು. ನನಗೆ ಕಂಡಿತು.

ಉಳಿದಂತೆ ದಿನಗಳು ಎಂದಿನಂತೆ ಸಾಗಿದವು. ಲಾಫಾಯೇಲೆ ಬೆಳಕು ಹರಿಯುವ ಮೊದಲೇ ಬಸ್ಸು ತೆಗೆದುಕೊಂಡು ಹಡಗುಕಟ್ಟೆಗೆ ಹೋಗಿ ಮಧ್ಯಾಹ್ನ ವಾಪಸಾಗುತ್ತಿದ್ದ. ಆ ಹೊತ್ತಿಗೆ ಮಾತಾಲೇನಾ ಅಂಗಡಿಯಲ್ಲಿ ಬನ್ನು ಮಾರುತ್ತಿದ್ದಳು. ತಿರೇಸಾ ಮತ್ತು ನಾನು ಹೆಂಗಸರ ಸಂಘದ ಮನೆಯಲ್ಲಿ ಚಾಪೆ ನೇಯುತ್ತಿದ್ದೆವು. ಹೆಂಡತಿ ಮುಚ್ಚಿಟ್ಟ ದೀವಿಹಲಸು, ಡಬ್ಬಿ ಮಾಂಸ ತಿಂದು ಅವನು ಮಲಗುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಮೂರನೆಯ ವಾರದ ಕೊನೆಗೆ ಪೇನಿನಾ ಮೂರು ಸೂಟ್‌ಕೇಸು, ಎರಡು ಡಬ್ಬ ಬಿಸ್ಕತ್ತು, ಒಂದು ಅಂಗೈಯಗಲದ ಡಿಸ್ಕಿನೊಂದಿಗೆ ಬಂದಿಳಿದಳು. "ಇಷ್ಟೇನಾ? ಇದ್ರೊಳಗೆ ಅವರು ಹಿಡಿಸ್ತಾರಾ?" ಅಂತ ತಿರೇಸಾ ಅದನ್ನು ಕೈಯಲ್ಲಿ ತೂಗಿ ನೋಡಿದಳು.

ಶನಿವಾರ ಬೆಳಿಗ್ಗೆಯೇ ಕೆಲಸ ಶುರುವಾಯಿತು. ಮೇಜನ್ನು ಕಡಲ ಗಾಳಿ ಬರುವ ಕಡೆಗೆ ಎಳೆದರು. ಎಪೆನೇಸಾ ಮೊದಲು ಆರೋಗ್ಯ ನೋಡಿದಳು. ನೋಡಿದವಳು ಪರದೆಗೆ ಮುಖ ಹತ್ತಿರ ತಂದಳು.

"ಏನಾಯ್ತು?" ಅಂದಳು ಪೇನಿನಾ.

"ಕೆಂಪಾಗಿದೆ. ಕೆಟ್ಟ ಜಾಗ ಮುನ್ನೂರು ದಾಟಿದೆ." ಅವಳು ತನ್ನ ಪುಸ್ತಕ ತೆಗೆದಳು. "ಮತ್ತೆ ಇಲ್ಲಿ ಮೂವತ್ತೊಂದು ಸಲ ಹಚ್ಚಿದಾರೆ ಅಂತಿದೆ. ಇಪ್ಪತ್ತಮೂರು ಇರ್ಬೇಕು. ಈಗ ನಾನು ಹಚ್ಚಿದ್ದೂ ಸೇರಿ."

"ಕರೆಂಟ್ ಹೋಗಿ ಬಂದಿರತ್ತೆ," ಅಂದಳು ಮಾತಾಲೇನಾ.

"ವೈರ್ ಮೊಳೆಯಲ್ಲಿತ್ತಲ್ಲಮ್ಮ. ಯಾರೋ ಎಂಟು ಸಲ ಹಚ್ಚಿದಾರೆ."

ಎಲ್ಲರ ಕಣ್ಣೂ ತಿರೇಸಾಳ ಕಡೆ ಹೋಯಿತು. ಪೇನಿನಾ ಮೆಲ್ಲಗೆ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. "ಅಮ್ಮ, ಹೇಳ್ಬಿಡು. ಯಾರೂ ಬೈಯಲ್ಲ. ನೋಡ್ಬೇಕು ಅನ್ನಿಸಿರತ್ತೆ."

"ನನಗೆ ಹಚ್ಚೋಕೇ ಬರಲ್ಲ," ಅಂದಳು ತಿರೇಸಾ. "ಆರಿಸಿದೋರು ತಾನೆ ಹಚ್ಚೋದು ಕಲಿಯೋದು. ನಾನು ಆರಿಸೇ ಇಲ್ಲವಲ್ಲ."

ಲಾಫಾಯೇಲೆ ಅರ್ಧ ತಿಂದ ತಟ್ಟೆಯನ್ನು ಪಕ್ಕಕ್ಕಿಟ್ಟು, ಬಸ್ಸು ತೊಳೆಯಬೇಕು ಅಂತ ಎದ್ದುಹೋದ. ಮಾತಾಲೇನಾ ಆ ತಟ್ಟೆ ನೋಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವನು ತಟ್ಟೆಯಲ್ಲಿ ಬಿಟ್ಟು ಎದ್ದದ್ದನ್ನು ಅವಳು ಕಂಡಿರಲಿಲ್ಲ. ಅವಳ ನಾಲಿಗೆ ಆ ಒಂದು ದಿನ ಹಿಂದೆ ಉಳಿಯಿತು.

ನಕಲು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ನಾಲ್ಕರವರೆಗೆ ನಡೆಯಿತು. ಡಿಸ್ಕಿಗೆ ಬಿಸಿ ಏರಬಾರದು ಅಂತ ಎಪೆನೇಸಾ ಹೇಳಿದ್ದೇ ತಡ, ತಿರೇಸಾ ತೆಂಗಿನ ಗರಿಯ ಬೀಸಣಿಗೆ ತಂದು ಪೆಟ್ಟಿಗೆಯ ಪಕ್ಕ ಕೂತಳು. ಗಂಡನ ಕೊನೆಯ ತಿಂಗಳು ಅವಳು ಹಾಗೇ ಕೂತು ಬೀಸಿದ್ದಳು. ಅವಳ ಕೈ ಸೋತಾಗ ಮಾತಾಲೇನಾ ಬೀಸಿದಳು. ಆಮೇಲೆ ಪೇನಿನಾ, ಆಮೇಲೆ ನಾನು. ನಾನು ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ ತಂದಿದ್ದೆ. ಅದನ್ನು ಒಬ್ಬೊಬ್ಬರಾಗಿ ಸರದಿಯಲ್ಲಿ ತಿಂದೆವು. ಎಪೆನೇಸಾ ಒಂದೊಂದು ಹಾಡಿನ ಹೆಸರು ಕೂಗುತ್ತಿದ್ದಳು. ಬಂತು, ಬಂತು, ಇದೂ ಬಂತು. ಹೊರಗೆ ಲಾಫಾಯೇಲೆ ತೊಳೆದ ಚಕ್ರವನ್ನೇ ಮತ್ತೆ ತೊಳೆಯುತ್ತಿದ್ದ.

ಹಾಡಿಗೆ ನಾಲ್ಕರಂತೆ ತೊಂಬತ್ತೆರಡು ಸ್ವರಗಳಲ್ಲಿ ತೊಂಬತ್ತೊಂದು ಬಂದವು. ಕೊನೆಯದು ಬರಲಿಲ್ಲ. ಎಪೆನೇಸಾ ಮೂರು ಸಲ ಪ್ರಯತ್ನಪಟ್ಟಳು. ಮೂರನೆಯ ಸಲ ಪೆಟ್ಟಿಗೆ ಟಿಕ್ ಅಂದು ನಿಂತಿತು. ಆಮೇಲೆ ಏನೂ ಅನ್ನಲಿಲ್ಲ.

"ಯಾವುದು?" ಅಂದಳು ತಿರೇಸಾ.

"ಸಂಜೆ ಹಾಡಿನದು. ಗಂಡಸರ ಮೇಲಿನ ಸ್ವರ." ಎಪೆನೇಸಾ ಅಳುತ್ತಿದ್ದಳು. "ಎಂಟು ಸಲ ಹಚ್ಚದೇ ಇದ್ದಿದ್ರೆ ಇದೂ ಬರ್ತಿತ್ತು ಅಜ್ಜಿ."

ಲಾಫಾಯೇಲೆ ಒದ್ದೆ ಬಟ್ಟೆ ಹಿಡಿದುಕೊಂಡೇ ಕಂಬದ ಪಕ್ಕ ಬಂದು ನಿಂತಿದ್ದ. "ನಾನೇ ಹಚ್ಚಿದ್ದು," ಅಂದ.

"ನೀನಾ?" ಅಂದಳು ಪೇನಿನಾ. "ಹಾಡು ಶುರುವಾದ್ರೆ ಮುಖ ತಿರುಗಿಸೋನು ನೀನು."

"ಮಧ್ಯಾಹ್ನ ಬಂದ್ರೆ ಮನೆ ಬಿಕೋ ಅಂತಿತ್ತು. ಒಂದ್ಸಲ ಮುಖ ನೋಡೋಣ ಅಂತ ಹಚ್ಚಿದೆ. ನೇಸಾ ಮಾಡೋ ಹಾಗೆ ನಾಲ್ಕೂ ಒಟ್ಟಿಗೆ ಹಾಡಿಸೋಕೆ ಬರ್ಲಿಲ್ಲ. ಸಿಕ್ಕಿದ್ದು ಒಂದನ್ನ ಒತ್ತಿದೆ, ಮೊದಲಿನಿಂದ ಬಂತು." ಅವನು ಬಟ್ಟೆಯನ್ನು ಹಿಂಡಿದ. ನೀರು ಅವನ ಕಾಲ ಮೇಲೇ ಬಿತ್ತು. "ಅಪ್ಪ ನನ್ನ ಹೆಸರು ಹಿಡಿದು ಕರೆದ."

ಎಪೆನೇಸಾ ಅಳು ನಿಲ್ಲಿಸಿದಳು. "ಹಾಡಿನ ಮುಂಚೆನಾ?"

"ಹೂಂ. 'ಲಾಫಾ, ಇದು ನಿನ್ನ ಸ್ವರ. ಅವತ್ತು ತಪ್ಪಿದ್ದು ನೀನಲ್ಲ ಮಗ. ನಾನೇ ಶ್ರುತಿ ಎತ್ತರಕ್ಕೆ ಹಿಡಿದಿದ್ದೆ. ಎಲ್ಲರ ಮುಂದೆ ಒಪ್ಕೊಳ್ಳೋಕೆ ಆಗ್ಲಿಲ್ಲ. ಈಗ ಇಳಿಸಿದೀನಿ. ಬರತ್ತಾ ನೋಡು.' ಅಷ್ಟೇ. ಆಮೇಲೆ ಹಾಡಿದ. ಮಾರನೇ ದಿನ ಮತ್ತೆ ಕೇಳ್ಬೇಕು ಅನ್ನಿಸ್ತು. ಕೆಡತ್ತೆ ಅಂತ ಗೊತ್ತಿತ್ತಮ್ಮ. ಗೊತ್ತಿದ್ದೂ ಹಚ್ಚಿದೆ."

"ಅದನ್ನ ನಾನು ದಿನಾ ದಾಟಿಸ್ತಿದ್ದೆ," ಅಂದಳು ಎಪೆನೇಸಾ. ಅವಳ ದನಿ ಬಹಳ ಸಣ್ಣದಾಗಿತ್ತು. "ಹದಿನಾಲ್ಕು ತಿಂಗಳು. ನೀನು ಇಲ್ಲೇ ಕೂತಿರ್ತಿದ್ದೆ ಅಪ್ಪ."

ತಿರೇಸಾ ಬೈಯುತ್ತಾಳೆ ಅಂತ ನಾನು ಕಾದೆ. ಅವಳ ಗಂಡನ ಆ ಒಂದು ದನಿ ಇನ್ನು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ, ಅದನ್ನು ಕಳೆದವನು ಎದುರಿಗೆ ನಿಂತಿದ್ದ. ಅವಳು ಬೀಸಣಿಗೆಯನ್ನು ನೆಲಕ್ಕಿಟ್ಟಳು.

"ಕೇಳಿ ಕೇಳಿ ತಾನೆ ಹಾಳಾಗಿದ್ದು," ಅಂದಳು. "ಕೇಳಬೇಕಾದೋನು ಕೇಳದೇನೇ ಹಾಳಾಗಿದ್ರೆ ನಾನು ಏನು ಮಾಡ್ಬೇಕಿತ್ತು? ಬಾ, ಕೂತ್ಕೊ. ಕಾಲು ಒರೆಸ್ಕೊಂಡು ಬಾ."

ಶಂಖ ಊದಿದರು. ನಾನು ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಎಪೆನೇಸಾ ಹೊಸ ಡಿಸ್ಕನ್ನು ಸ್ಕೂಲಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಂಜೆಯ ಹಾಡು ಹಚ್ಚಿದಳು. ಮೂರು ಚೌಕದಲ್ಲಿ ಮೂರು ಇಯೋನಾಗಳು ಕೈಯಾಡಿಸುತ್ತ ಹಾಡತೊಡಗಿದರು. ನಾಲ್ಕನೆಯ ಚೌಕ ಕಪ್ಪಾಗಿತ್ತು. ಮೊದಲ ಸಾಲು ಹಾಗೇ ಹೋಯಿತು. ಎರಡನೆಯ ಸಾಲಿಗೆ ಲಾಫಾಯೇಲೆ ಬಾಯಿ ತೆರೆದ.

ಮೂವತ್ತು ವರ್ಷ ಬಳಸದ ಗಂಟಲು, ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ಒರಟಾಗಿತ್ತು, ಅರ್ಧ ಹೆಜ್ಜೆ ಹಿಂದಿತ್ತು. ಆದರೆ ಅವನಿಗೆ ಪ್ರತಿ ತಿರುವೂ ಗೊತ್ತಿತ್ತು. ಮೂರನೆಯ ಸಾಲು ಬಂದಾಗ ನಾನು ನೆಲ ನೋಡಿದೆ. ಇಳಿಸಿದ ಶ್ರುತಿಯಲ್ಲಿ ಅವನು ಆ ಸಾಲನ್ನು ಒಡೆಯದೆ ದಾಟಿದ. ತಿರೇಸಾ ಮೂರು ವಾರದ ಮೇಲೆ ಬಾಯಿ ಬಿಚ್ಚಿ ಹೆಂಗಸರ ಕೆಳಗಿನ ಸ್ವರ ಹಿಡಿದಳು. ಮಾತಾಲೇನಾ ಕೂಡ ಅವತ್ತು ಶ್ರುತಿ ತಪ್ಪಲಿಲ್ಲ, ಯಾಕೆಂದರೆ ಅವಳು ಹಾಡಲೇ ಇಲ್ಲ, ಗಂಡನನ್ನು ನೋಡುತ್ತಿದ್ದಳು.

ಹಾಡು ಮುಗಿಯಿತು. ಪ್ರಾರ್ಥನೆಯೂ ಮುಗಿಯಿತು. ಯಾರೂ ಊಟಕ್ಕೆ ಏಳಲಿಲ್ಲ.

"ನೇಸಾ, ಇವನು ಹಾಡಿದ್ದನ್ನೂ ಒಂದು ಹಿಡಿದಿಟ್ಕೊ," ಅಂದಳು ತಿರೇಸಾ. "ಎರಡು ಕಡೆ ಹಿಡಿದಿಡು."

"ಇವತ್ತೇನು ಅವಸರ ಅಮ್ಮ," ಅಂದ ಲಾಫಾಯೇಲೆ. "ಗಂಟಲು ಸ್ವಲ್ಪ ಸರಿ ಹೋಗ್ಲಿ. ನಾನೆಲ್ಲಿಗೆ ಹೋಗ್ತೀನಿ."

"ನಿಮ್ಮಪ್ಪನೂ ಹೀಗೇ ಅಂತಿದ್ರು," ಅಂದಳು ತಿರೇಸಾ. "ಅದಕ್ಕೇ ಆ ಮಾತನ್ನ ನಿನಗೆ ಹೇಳದೆ ಕ್ಯಾಮರಾಕ್ಕೆ ಹೇಳಿ ಹೋದ್ರು. ನೀನು ನಿನ್ನ ಮಗಳಿಗೆ ಏನಾದ್ರೂ ಹೇಳೋದಿದ್ರೆ ಮೊದಲು ಬಾಯಲ್ಲಿ ಹೇಳು. ಆಮೇಲೆ ಹಾಡು."

ಲಾಫಾಯೇಲೆ ಮಗಳ ಕಡೆ ತಿರುಗಿದ. ಎಪೆನೇಸಾ ಸ್ಕೂಲಿನ ಕ್ಯಾಮರಾವನ್ನು ತಂದು ಮಡಿಲಲ್ಲಿಟ್ಟುಕೊಂಡು ಕಾದಳು.

"ನೀನು ದಾಟಿಸಿದ್ದಕ್ಕೆ ನನಗೆ ಬೇಜಾರಿಲ್ಲ ಮಗ," ಅಂದ ಕೊನೆಗೆ. "ಈಗ ಹಿಡ್ಕೊ."